ಕಟ್ಟೆಯ ಮೇಲಿಟ್ಟ ಕ್ಯಾಮೆರಾ

ನನ್ನ ತಂಗಿಯ ಮಗ ಟೀವಿ ಸುದ್ದಿಗೆ ಕ್ಯಾಮೆರಾ ಹೊರುವವನು. ಅಪ್ಪ ಅಮ್ಮ ಇಟ್ಟ ಹೆಸರು ಈಗ ಅವನ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿದೆ. ಮಿಕ್ಕವರಿಗೆಲ್ಲ ಅವನು ಹತ್ತಣ್ಣ. ಯಾವ ದೃಶ್ಯ ತೆಗೆದರೂ ಬಾಯೊಳಗೇ ಒಂದರಿಂದ ಹತ್ತರವರೆಗೆ ಎಣಿಸಿ ಮುಗಿಸದೆ ಕ್ಯಾಮೆರಾ ಅಲುಗಿಸುವವನಲ್ಲ. ಎದುರಿಗೆ ಮಂತ್ರಿ ಇರಲಿ, ಮೇಲಿಂದ ಕಲ್ಲು ಬೀಳುತ್ತಿರಲಿ, ಹತ್ತು ಎಂದರೆ ಹತ್ತು. ಒಮ್ಮೆ ಪೆಟ್ರೋಲ್ ಬಂಕಿನ ಮುಂದೆ ನಡೆದ ಜಗಳ ತೆಗೆಯುವಾಗ ಒಬ್ಬ ಇವನ ಕೊರಳಪಟ್ಟಿಗೇ ಕೈ ಹಾಕಿದನಂತೆ. "ಏಳು, ಎಂಟು, ಒಂದ್ನಿಮಿಷ ಇರಪ್ಪ" ಎಂದನಂತೆ ಇವನು. ಹಿಡಿದವನಿಗೇ ನಗು ಬಂದು ಕೈ ಬಿಟ್ಟನಂತೆ.

ಆ ಎಣಿಕೆ ಕಲಿಸಿದವನು ನಾನು. ಏಳನೇ ತರಗತಿಗೆ ಶಾಲೆ ಬಿಟ್ಟು, ಮದುವೆ ಮನೆಗಳಲ್ಲಿ ಚಿತ್ರ ಕೆಡಿಸಿ ಕೆಡಿಸಿ ಕೆಲಸ ಕಲಿತು, ಸ್ವಂತ ಸ್ಟುಡಿಯೋ ಮಾಡಿಕೊಂಡವನು. ನನಗೆ ಯಾರೂ ಹೇಳಿಕೊಡಲಿಲ್ಲ. ಅದಕ್ಕೇ ನಾನು ಹೇಳಿಕೊಟ್ಟದ್ದು ಗಟ್ಟಿ. ಹತ್ತಣ್ಣ ನನ್ನ ಬಳಿ ಇದ್ದ ಆರು ವರ್ಷದಲ್ಲಿ ಎಣಿಕೆಯ ಜೊತೆಗೆ ಇನ್ನೆರಡು ಮಾತನ್ನು ಅವನ ತಲೆಗೆ ಕುಟ್ಟಿ ಕುಟ್ಟಿ ಇಳಿಸಿದ್ದೆ. ಗಾಡಿಯಿಂದ ಕಾಲು ಕೆಳಗಿಡುವ ಮೊದಲೇ ಗುಂಡಿ ಒತ್ತು, ನಡೆಯುವುದು ನಿನ್ನನ್ನು ಕಾದು ನಿಂತಿರುವುದಿಲ್ಲ. ತೆಗೆದದ್ದು ಎಷ್ಟೇ ಹಾಳಾಗಿರಲಿ, ಪೂರ್ತಿ ನೋಡದೆ ಅಳಿಸಬೇಡ.

ಆಮೇಲೆ ಅವನು ಟೀವಿಗೆ ಸೇರಿ ಹದಿನೆಂಟು ವರ್ಷವಾಯಿತು. ಹೊತ್ತೂ ಹೊತ್ತೂ ಬಲಭುಜ ಎಡಭುಜಕ್ಕಿಂತ ಒಂದು ಬೆರಳು ಕೆಳಗಿಳಿದಿದೆ. ಅವನ ಅಂಗಿಗಳೆಲ್ಲ ಬಲಗಡೆ ಸವೆಯುತ್ತವೆ. ಅವನ ಹೆಂಡತಿ ಹೊಲಿಗೆ ಬಲ್ಲವಳು, ಅಂಗಿ ತಂದ ದಿನವೇ ಒಳಗಡೆ ಒಂದು ತುಂಡು ಬಟ್ಟೆ ಕೊಟ್ಟು ಹೊಲಿದುಬಿಡುತ್ತಾಳೆ. "ಮಗಳು ಹುಟ್ಟಿದಾಗ ಎತ್ಕೊಳ್ಳೋದು ಬಿಟ್ಟು, ಬೆಳಕು ಯಾವ ಕಡೆಯಿಂದ ಬರ್ತಿದೆ ಅಂತ ಕಿಟಕಿ ನೋಡಿದೋರು ಮಾವ ಇವ್ರು" ಎಂದು ನನ್ನ ಮುಂದೆ ದೂರು ಹೇಳುತ್ತಾಳೆ. ದೂರು ಹೇಳುವಾಗಲೂ ಮುಖದಲ್ಲಿ ಹೆಮ್ಮೆ.

ಅವನ ಜೋಡಿ ಒಬ್ಬ ವರದಿಗಾರ. ಹನ್ನೆರಡು ವರ್ಷ ಒಂದೇ ಗಾಡಿ, ಒಂದೇ ನೀರಿನ ಬಾಟಲಿ. ಅವನು ಇವನನ್ನು ಅಣ್ಣಾ ಎನ್ನುತ್ತಿದ್ದ, ಇವನು ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದ. ವರದಿಗಾರ ನನ್ನನ್ನೂ ಮಾವ ಎಂದೇ ಕರೆದು, ಸ್ಟುಡಿಯೋಗೆ ಬಂದಾಗಲೆಲ್ಲ ನನ್ನ ಕುರ್ಚಿಯಲ್ಲೇ ಕೂತು ಕಾಲು ಚಾಚುತ್ತಿದ್ದ. ಮಾತಿಗೆ ಕೂತರೆ ಕಲ್ಲನ್ನೂ ಮಾತಾಡಿಸುವ ಬಾಯಿ. ನನಗೂ ಅವನೆಂದರೆ ಇಷ್ಟವೇ ಇತ್ತು. ಇದನ್ನು ಮುಚ್ಚಿಟ್ಟರೆ ಮುಂದಿನದು ಸುಳ್ಳಾಗುತ್ತದೆ.

ಅದೊಂದು ಹಗಲು, ಹನ್ನೊಂದು ಗಂಟೆ. ಊರಾಚೆಯ ಹಾಸಿಗೆ ಕಾರ್ಖಾನೆಗೆ ಬೆಂಕಿ ಬಿತ್ತು. ಹಾಸಿಗೆಗೆ ತುಂಬುವ ಸ್ಪಂಜು ಹೊತ್ತಿಕೊಂಡರೆ ಅದರ ಹೊಗೆ ಕಣ್ಣಿಗೆ ಮೆಣಸಿನಪುಡಿ ಎರಚಿದ ಹಾಗೆ. ಎಲ್ಲರಿಗಿಂತ ಮೊದಲು ತಲುಪಿದ್ದು ಇವರ ಗಾಡಿ. ಆ ಕಾರ್ಖಾನೆಯ ಮ್ಯಾನೇಜರ್ ವರದಿಗಾರನ ಹೆಂಡತಿಯ ಅಣ್ಣ. ಬಾಗಿಲಲ್ಲಿ ತಡೆಯುವವರಿಲ್ಲ, ಒಳ್ಳೆಯದೇ ಆಯಿತು ಎಂದುಕೊಂಡನಂತೆ ಹತ್ತಣ್ಣ.

ಕಟ್ಟಡದ ಹಿಂದಿನ ಬಾಗಿಲಿಗೆ ಬೀಗ ಬಿದ್ದಿತ್ತು. ಅದರ ಒಳಗಡೆ ಇಬ್ಬರು ಹೆಂಗಸರು ಉಸಿರುಕಟ್ಟಿ ಸತ್ತರು. ಗೇಟಿನ ಕಾವಲುಗಾರ, ಐವತ್ತು ದಾಟಿದವನು, ಬರಿಗೈಯಲ್ಲಿ ಆ ಬಾಗಿಲಿನ ಕಾದ ತಗಡನ್ನು ಬಡಿದು ಬಡಿದು ಎರಡೂ ಅಂಗೈ ಸುಟ್ಟುಕೊಂಡಿದ್ದ. ಅವನನ್ನು ಆಸ್ಪತ್ರೆಗೆ ಒಯ್ದರು. ಗೇಟಿನ ಬಳಿ ಅವನ ಕುರ್ಚಿ ಖಾಲಿ ಉಳಿಯಿತು, ಕುರ್ಚಿಯ ಬೆನ್ನಿಗೆ ಅವನ ಊಟದ ಚೀಲ ನೇತಾಡುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಆ ಚೀಲ ಕೊಡವಿದರು. ಹಿಂದಿನ ಬಾಗಿಲಿನ ಕೀಲಿ, ಕೆಂಪು ಪ್ಲಾಸ್ಟಿಕ್ ಬಿಲ್ಲೆಯ ಸಮೇತ, ಊಟದ ಡಬ್ಬಿಯ ಪಕ್ಕದಿಂದ ಕೆಳಗೆ ಬಿತ್ತು. ಅಷ್ಟು ಹೊತ್ತಿಗೆ ಬೇರೆ ಚಾನೆಲ್ಲಿನವರೂ ನೆರೆದಿದ್ದರು. ಎಲ್ಲರ ಕ್ಯಾಮೆರಾದಲ್ಲೂ ಕೀಲಿ ಬಿದ್ದದ್ದು ಬಂತು.

ಹತ್ತಣ್ಣನ ಕ್ಯಾಮೆರಾದಲ್ಲಿ ಮಾತ್ರ ಬರಲಿಲ್ಲ.

ಗಾಡಿಯಲ್ಲಿ ಕೂತು ದೃಶ್ಯ ಕಳಿಸಲು ಕಾರ್ಡು ತೆರೆದರೆ ಡಾಂಬರು ರಸ್ತೆ. ಆಮೇಲೆ ಅವನದೇ ಬೂಟು. ನೀರಿನ ಕೊಳವೆ, ಯಾರದೋ ಪ್ಯಾಂಟಿನ ಅಂಚು, ಮತ್ತೆ ಬೂಟು. ಬೆಂಕಿಯೂ ಇಲ್ಲ, ಮ್ಯಾನೇಜರ್ ಕೊಟ್ಟ ಹೇಳಿಕೆಯೂ ಇಲ್ಲ. ಈ ಕಸುಬಿನಲ್ಲಿ ಇದಕ್ಕೆ ಉಲ್ಟಾ ಹೊಡೆಯುವುದು ಎನ್ನುತ್ತಾರೆ. ಗುಂಡಿ ಒಂದೇ. ಒತ್ತಿದರೆ ಶುರು, ಇನ್ನೊಮ್ಮೆ ಒತ್ತಿದರೆ ನಿಲುಗಡೆ. ಗಾಡಿಯಿಂದ ಇಳಿಯುವಾಗ ನಾನು ಕಲಿಸಿದಂತೆ ಒತ್ತಿದ್ದ. ಬೆಂಕಿಯ ಎದುರಿಗೆ ನಿಂತಾಗ ಆ ಗಡಿಬಿಡಿಯಲ್ಲಿ ಅದನ್ನು ಮರೆತು ಮತ್ತೊಮ್ಮೆ ಒತ್ತಿದ. ಅಲ್ಲಿಂದ ಮುಂದೆ ಎಲ್ಲ ತಲೆಕೆಳಗು. ಹೆಗಲಿಗೇರಿಸಿದಾಗ ಕ್ಯಾಮೆರಾ ಮಲಗಿತ್ತು, ಕೆಳಗಿಳಿಸಿದಾಗ ಎಚ್ಚರವಾಗಿತ್ತು. ಮುಂದುಗಡೆಯ ಕೆಂಪು ದೀಪ ಕಂಡರೆ ಜನ ಸೆಟೆದುಕೊಳ್ಳುತ್ತಾರೆಂದು ಅದಕ್ಕೆ ಕಪ್ಪು ಟೇಪು ಅಂಟಿಸಿರುತ್ತಾನೆ. ಕಣ್ಣಿಡುವ ಕಿಂಡಿಯಲ್ಲಿ ಒಂದು ಗುರುತು ಬರುತ್ತದೆ, ಆದರೆ ಕಣ್ಣಲ್ಲಿ ನೀರು ಸುರಿಯುವಾಗ ಅದನ್ನು ಯಾರು ನೋಡಬೇಕು? ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಆಗುವ ತಪ್ಪು ಇದು. ಹದಿನೆಂಟು ವರ್ಷ ದುಡಿದವನಿಗೆ ಆದರೆ ಮುಖ ಎತ್ತಿ ನಡೆಯುವ ಹಾಗಿಲ್ಲ.

"ಅಯ್ಯೋ ಬಿಡಣ್ಣಾ" ಎಂದನಂತೆ ವರದಿಗಾರ. "ಕಾರ್ಡು ಕೆಟ್ಟೋಯ್ತು ಅಂತ ಬರ್ದುಕೊಡು. ನಾನೂ ಹಾಗೇ ಹೇಳ್ತೀನಿ. ದೃಶ್ಯ ಬೇರೆಯೋರ ಹತ್ರ ಇಸ್ಕೋತೀನಿ. ಇದನ್ನ ಅಳಿಸಿ ಬಿಸಾಕು. ನಿನ್ನ ಬೂಟು ನೋಡೋಕೆ ಯಾರಿಗಿದೆ ಪುರುಸೊತ್ತು?"

ಇವನು ಹಾಗೇ ಬರೆದು ಸಹಿ ಹಾಕಿಕೊಟ್ಟ. ಜೀವಮಾನದಲ್ಲಿ ಕಸುಬಿನ ವಿಷಯದಲ್ಲಿ ಆಡಿದ ಮೊದಲ ಸುಳ್ಳು. ಸಂಜೆ ಹೊಸ ಕಾರ್ಡು ಹಾಕಿಕೊಂಡು, ಗುಂಡಿಯನ್ನು ಮೂರು ಸಲ ಪರೀಕ್ಷೆ ಮಾಡಿ, ಆಸ್ಪತ್ರೆಯ ಮೊಗಸಾಲೆಯಲ್ಲಿ ಕಾವಲುಗಾರನ ಮಗಳ ಮಾತನ್ನು ತೆಗೆದ. ಬೆಳಕು ಚೆನ್ನಾಗಿತ್ತು, ಧ್ವನಿ ಸ್ಪಷ್ಟವಾಗಿತ್ತು, ಹತ್ತು ಎಣಿಸಿದ. "ನಿಮ್ಮ ತಂದೆ ಕೀಲಿ ಮನೆಗೆ ತರ್ತಿದ್ರಾ?" ಎಂದು ವರದಿಗಾರ ಕೇಳಿದ. "ಹೌದು, ತರ್ತಿದ್ರು" ಎಂದಳು ಹುಡುಗಿ. ಅಂದೂ ಮಾರನೆಯ ಬೆಳಿಗ್ಗೆಯೂ ಟೀವಿಯಲ್ಲಿ ಅದೇ ಬಂತು. ಚೀಲದಿಂದ ಬೀಳುವ ಕೀಲಿ, ಹಿಂದೆಯೇ ಆ ಹುಡುಗಿಯ ಮುಖ. "ಹೌದು, ತರ್ತಿದ್ರು."

ಮಾರನೆಯ ದಿನ ಹತ್ತು ಗಂಟೆಗೆ ಅವನು ನನ್ನ ಸ್ಟುಡಿಯೋ ಬಾಗಿಲಿಗೆ ಬಂದು ನಿಂತಾಗ, ಜ್ವರ ಬಿಟ್ಟೆದ್ದವನ ಹಾಗಿದ್ದ.

"ಮಾವ, ಉಲ್ಟಾ ಹೊಡ್ದೆ."

ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. "ಯಾರು?"

"ನಾನೇ."

"ತಮಾಷೆ ಮಾಡ್ಬೇಡ."

"ತಮಾಷೆ ಮಾಡೋ ಮುಖಾನಾ ಇದು?" ಎಂದು ಕಾರ್ಡನ್ನು ಮೇಜಿನ ಮೇಲಿಟ್ಟ. "ನೋಡಿ ಅಳಿಸೋಣ ಅಂತ ತಂದೆ. ನೋಡದೆ ಅಳಿಸ್ಬಾರ್ದು ಅಂದೋರು ನೀವೇ."

ಇಬ್ಬರೂ ಕೂತೆವು. ಮೊದಲು ನನಗೆ ಸಿಟ್ಟೇ ಬಂತು, ಆಮೇಲೆ ನಗು ತಡೆಯಲಾಗಲಿಲ್ಲ. ಪರದೆಯ ತುಂಬ ಬೂಟು. "ನಿನ್ನ ಬೂಟಿಗೆ ಪಾಲಿಶ್ ಹಾಕಿ ಎಷ್ಟು ವರ್ಷ ಆಯ್ತೋ? ಇದನ್ನೇ ಪ್ರಸಾರ ಮಾಡಿದ್ರೆ ಜನ ಚಂದಾ ಎತ್ತಿ ಹೊಸ ಜೊತೆ ಕೊಡಿಸ್ತಿದ್ರು" ಎಂದೆ. ಅವನಿಗೂ ನಗು ಬಂತು. ಹಿಂದಿನ ದಿನದಿಂದ ನಕ್ಕಿರಲೇ ಇಲ್ಲವಂತೆ.

ಆಗ ಪರದೆಯ ಮೇಲಿನ ಚಿತ್ರ ಅಲುಗಾಡುವುದು ನಿಂತಿತು.

"ಇದೆಲ್ಲಿ?" ಎಂದೆ.

"ಗೇಟಿನ ಹತ್ರ. ಕಣ್ಣುರಿ ತಡೆಯೋಕಾಗದೆ ಕ್ಯಾಮೆರಾನ ಕಟ್ಟೆ ಮೇಲಿಟ್ಟು ನಲ್ಲೀಲಿ ಮುಖ ತೊಳೆಯೋಕೆ ಹೋದೆ."

ಕಟ್ಟೆಯ ಮೇಲಿಟ್ಟ ಕ್ಯಾಮೆರಾ ಮೊಣಕಾಲೆತ್ತರದಿಂದ ಕಾವಲುಗಾರನ ಕುರ್ಚಿಯನ್ನು ನೋಡುತ್ತಿತ್ತು. ಕುರ್ಚಿಯ ನಾಲ್ಕು ಕಾಲು, ಬೆನ್ನಿಗೆ ನೇತುಹಾಕಿದ ಚೀಲ. ನಲ್ಲಿಯ ಸದ್ದು ದೂರದಲ್ಲಿ ಕೇಳುತ್ತಿತ್ತು. ಎರಡು ಜೊತೆ ಕಾಲುಗಳು ಬಂದು ನಿಂತವು. ಒಂದು ಜೊತೆ ಕಾಲಿನ ಪಕ್ಕದಲ್ಲಿ ಚಾನೆಲ್ಲಿನ ಗುರುತಿನ ಮೈಕು ತೂಗಾಡುತ್ತಿತ್ತು.

"ಬಾಗಿಲಿಗೆ ಬೀಗ ಹಾಕಿಸಿ ಎರಡು ತಿಂಗಳಾಯ್ತು" ಎಂದಿತು ಒಂದು ಧ್ವನಿ. ಮ್ಯಾನೇಜರನದು. "ಸ್ಪಂಜು ಕಳ್ಳತನ ಆಗ್ತಿತ್ತು. ಕೀಲಿ ನನ್ನ ಡ್ರಾಯರಲ್ಲೇ ಇತ್ತು. ನಾನು ಮಹಡಿ ಇಳಿದು ಬರೋ ಹೊತ್ತಿಗೆ... ಏನ್ ಹೇಳ್ಲಿ ಈಗ? ನೀನೇ ಹೇಳು."

"ಕೀಲಿ ಯಾರ ಹತ್ರ ಇರ್ಬೇಕಿತ್ತು ಭಾವ?"

ಆ ಧ್ವನಿ ಯಾರದೆಂದು ನನಗೆ ಬೇರೆ ಹೇಳಬೇಕಿರಲಿಲ್ಲ. ನನ್ನ ಕುರ್ಚಿಯಲ್ಲಿ ಕೂತು ಕಾಲು ಚಾಚುತ್ತಿದ್ದವನದು.

"ಲೆಕ್ಕಕ್ಕೆ ವಾಚ್‌ಮನ್ ಹತ್ರ."

"ಹಾಗಾದ್ರೆ ವಾಚ್‌ಮನ್ ಹತ್ರ ಇತ್ತು ಅನ್ನಿ."

ಒಂದು ಕೈ ಪರದೆಯೊಳಗೆ ಇಳಿಯಿತು. ದಪ್ಪ ಗಡಿಯಾರ, ಉಂಗುರ, ಬೆರಳ ನಡುವೆ ಕೆಂಪು ಬಿಲ್ಲೆಯ ಕೀಲಿ. ಆ ಕೈ ಚೀಲದ ಬಾಯಿ ಅಗಲಿಸಿ ಕೀಲಿಯನ್ನು ಒಳಗೆ ಬಿಟ್ಟಿತು. ಡಬ್ಬಿಗೆ ತಾಗಿ ಟಣ್ ಎಂದದ್ದೂ ಕೇಳಿತು.

ಮೈಕು ಹಿಡಿದವನ ಕಾಲುಗಳು ಆಚೆ ತಿರುಗಿದವು. "ಬೇಗ ಹೋಗಿ ಭಾವ. ನಾನು ನೋಡ್ಲಿಲ್ಲ."

ಅರವತ್ತೆಂಟು ವರ್ಷದಲ್ಲಿ ಸಾವು ನೋಡಿದ್ದೇನೆ, ಮದುವೆ ಮನೆಯಲ್ಲಿ ಮುರಿದುಬಿದ್ದ ಸಂಬಂಧ ನೋಡಿದ್ದೇನೆ. ಒಬ್ಬ ಬಡಪಾಯಿಯ ಬದುಕು ಒಂದು ಟಣ್ ಸದ್ದಿನಲ್ಲಿ ಮುಗಿಯುವುದನ್ನು ನೋಡಿರಲಿಲ್ಲ. ಪಕ್ಕಕ್ಕೆ ತಿರುಗಿದರೆ ಹತ್ತಣ್ಣ ಬಾಯಿ ತೆರೆದುಕೊಂಡೇ ಕೂತಿದ್ದ. ನಗು ಇನ್ನೂ ಮುಖದ ಮೇಲೆ ಅರ್ಧ ಉಳಿದಿತ್ತು, ತೆಗೆಯಲು ಮರೆತವನ ಹಾಗೆ.

"ಹಿಂದಕ್ಕೆ ಹೋಗು" ಎಂದೆ.

"ಬೇಡ ಮಾವ."

"ಹೋಗು ಅಂದೆ."

ಇನ್ನೊಮ್ಮೆ ನೋಡಿದೆವು. ಇನ್ನೊಮ್ಮೆ ಕೈ ಇಳಿಯಿತು, ಇನ್ನೊಮ್ಮೆ ಟಣ್ ಎಂದಿತು. ಮೂರನೆಯ ಸಲ ಅವನೇ ನಿಲ್ಲಿಸಿದ. "ಪೊಲೀಸ್ನೋರಿಗೆ ಚೀಲ ನೋಡಿ ಅಂತ ಹೇಳಿದ್ದು ಇವನೇ ಮಾವ" ಎಂದ, ಧ್ವನಿ ಎಲ್ಲೋ ಬಾವಿಯಿಂದ ಬಂದ ಹಾಗೆ. "ಮೈಕು ಹಿಡ್ಕೊಂಡು ಕೇಳ್ದ. 'ವಾಚ್‌ಮನ್ ಸಾಮಾನು ತಪಾಸಣೆ ಮಾಡಿದ್ರಾ ಸಾರ್?' ಅಂತ. ಎಂಥ ಒಳ್ಳೇ ಪ್ರಶ್ನೆ ಕೇಳ್ದ ಅಂತ ನಾನೇ ಬೆನ್ನು ತಟ್ಟಿದೀನಿ."

ಗೋಡೆಯ ಮೇಲಿನ ಟೀವಿ ತನ್ನ ಪಾಡಿಗೆ ಓಡುತ್ತಿತ್ತು. ಎರಡೂ ಕೈಗೆ ಬ್ಯಾಂಡೇಜು ಸುತ್ತಿದ್ದ ಕಾವಲುಗಾರನನ್ನು ಪೊಲೀಸರು ಆಸ್ಪತ್ರೆಯ ಮೆಟ್ಟಿಲಿಳಿಸಿ ಜೀಪಿಗೆ ಹತ್ತಿಸುತ್ತಿದ್ದರು. ಅವನಿಗೆ ಹಿಡಿದುಕೊಳ್ಳಲು ಕೈಯಿಲ್ಲ. ಒಬ್ಬ ಪೇದೆ ಸೊಂಟಕ್ಕೆ ಕೈ ಹಾಕಿ ಮೂಟೆಯ ಹಾಗೆ ಎತ್ತಿ ಕೂರಿಸಿದ. ಇಬ್ಬರ ಸಾವಿಗೆ ಕಾರಣನಾದ ಆರೋಪಿ ಎಂದು ಅಡಿಯಲ್ಲಿ ಅಕ್ಷರ ಓಡುತ್ತಿತ್ತು.

ಹತ್ತಣ್ಣ ಫೋನು ತೆಗೆದು ವರದಿಗಾರನನ್ನು ಕರೆದ. ನಾನು ಬೇಡವೆಂದೆ. "ಹನ್ನೆರಡು ವರ್ಷ ಮಾವ. ಅವನ ಬಾಯಿಂದ ಕೇಳ್ಬೇಕು" ಎಂದ.

ಅರ್ಧ ಗಂಟೆಯಲ್ಲಿ ಅವನು ಬಂದ. ಎಂದಿನ ಹಾಗೆ, "ಏನ್ ಮಾವ, ಅಳಿಯನ್ನ ಬೂಟಿನ ಸಮೇತ ನೋಡಿ ಖುಷಿಪಟ್ರಾ?" ಎನ್ನುತ್ತಲೇ ಒಳಬಂದ. ಹತ್ತಣ್ಣ ಪರದೆಯ ಕಡೆ ಕೈ ತೋರಿಸಿದ. ಕೀಲಿ ಬೀಳುವವರೆಗೆ ವರದಿಗಾರ ನಿಂತೇ ನೋಡಿದ. ಆಮೇಲೆ ಗೋಡೆ ಹಿಡಿದುಕೊಂಡು ಕೆಳಗೆ ಕೂತುಬಿಟ್ಟ. ಮುಖ ಸುಣ್ಣ ಬಳಿದಂತಾಗಿತ್ತು.

"ಅವನು ಹಾಕ್ತಾನೆ ಅಂತ ನಂಗೆ ಗೊತ್ತಿರ್ಲಿಲ್ಲ ಅಣ್ಣಾ. ಸುಮ್ನೆ ಬಾಯಲ್ಲಿ ಹೇಳ್ತಾನೆ ಅಂದ್ಕೊಂಡೆ. ಹಾಕಿಬಿಟ್ಟ."

"ಹಾಕಿದ್ಮೇಲೆ ಚೀಲ ನೋಡಿ ಅಂದೋನು ಯಾರು?"

"ಅಣ್ಣಾ..."

"ಯಾರು?"

"ಅವನು ನನ್ನ ಹೆಂಡ್ತಿ ಅಣ್ಣ. ಅವ್ಳಿಗೆ ಅಪ್ಪ ಇಲ್ಲ, ಓದ್ಸಿ ಮದುವೆ ಮಾಡ್ಸಿದೋನು ಅವನೇ. ನಾನೇನು ಮಾಡ್ಬೇಕಿತ್ತು ಹೇಳು. ನಿನ್ನ ಹೆಂಡ್ತಿ ಅಣ್ಣ ಆಗಿದ್ರೆ ನೀನೇನು ಮಾಡ್ತಿದ್ದೆ?"

ಹತ್ತಣ್ಣ ನಿಜಕ್ಕೂ ಯೋಚಿಸತೊಡಗಿದ. ಅದು ನನ್ನನ್ನು ಹೆದರಿಸಿತು.

"ಗೊತ್ತಿಲ್ಲ" ಎಂದ ಕೊನೆಗೆ. "ನನ್ನ ಹೆಂಡ್ತಿ ಅಣ್ಣ ಅಲ್ಲ ಅವನು. ಅದಕ್ಕೇ ಬಚಾವಾದೆ ಅನ್ನಿಸತ್ತೆ."

"ಅಳಿಸಿಬಿಡಣ್ಣಾ. ಕಾರ್ಡು ಕೆಟ್ಟಿದೆ ಅಂತ ನೀನೇ ಬರ್ದುಕೊಟ್ಟಿದೀಯ. ಈಗ ತೋರ್ಸಿದ್ರೆ ನೀನೇ ಸುಳ್ಳ ಆಗ್ತೀಯ. ಹತ್ತಣ್ಣ ಉಲ್ಟಾ ಹೊಡ್ದ ಅಂತ ಕ್ಯಾಮೆರಾದೋರೆಲ್ಲ ಸಾಯೋವರೆಗೂ ನಿನ್ನ ಆಡ್ಕೋತಾರೆ. ನಿನ್ನೆ ನಿನ್ನ ಮಾನ ನಾನು ಕಾಪಾಡಿದೀನಿ." ಹೀಗೆ ಹೇಳುತ್ತ ಮುಂದಕ್ಕೆ ಬಾಗಿ ಹತ್ತಣ್ಣನ ಎರಡೂ ಕಾಲು ಹಿಡಿದುಕೊಂಡ. ಹಿಂದಿನ ದಿನ ಇಡೀ ಕಾರ್ಡು ತುಂಬಿದ್ದ ಅದೇ ಬೂಟು.

ಕುದಿಯುವ ನೀರು ಬಿದ್ದವನ ಹಾಗೆ ಹತ್ತಣ್ಣ ಹಿಂದಕ್ಕೆ ಹಾರಿದ. ಕಾರ್ಡನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು ಗುಂಡಿ ಹಾಕಿದ. "ಏಳು. ನನ್ನ ಜೊತೆ ಬಾ. ನೀನೇ ಹೇಳಿಬಿಡು, ಅರ್ಧ ಹಗುರ ಆಗತ್ತೆ" ಎಂದ.

ವರದಿಗಾರ ಏಳಲಿಲ್ಲ. ನಾವು ಅವನನ್ನು ಅಲ್ಲೇ ಬಿಟ್ಟು ಹೊರಟೆವು. ನನ್ನ ಸ್ಟುಡಿಯೋಗೆ ಬಾಗಿಲು ಹಾಕುವುದು ಮರೆತೇ ಹೋಗಿತ್ತು.

ಸುದ್ದಿಮನೆಯ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಾರೆ. ಗಾಜಿನ ಕೋಣೆ, ಗೋಡೆಗೆ ಒಂಬತ್ತು ಟೀವಿ, ಒಂಬತ್ತರಲ್ಲೂ ಆ ಕೀಲಿಯೇ ಬೀಳುತ್ತಿತ್ತು. ಹತ್ತಣ್ಣ ನಿಂತೇ ಹೇಳಿದ. "ಮೇಡಂ, ಕಾರ್ಡು ಕೆಟ್ಟಿರ್ಲಿಲ್ಲ. ನಾನು ಉಲ್ಟಾ ಹೊಡ್ದಿದ್ದೆ. ಸುಳ್ಳು ಬರ್ದುಕೊಟ್ಟೆ."

ಮೇಡಂ ಕನ್ನಡಕ ತೆಗೆದರು. "ನೀವಾ? ಹತ್ತಣ್ಣ, ನೀವು ಉಲ್ಟಾ ಹೊಡೆದ್ರಾ?" ಅವರಿಗೆ ನಗು ಬಂದೇಬಿಟ್ಟಿತು. ಹೊರಗೆ ಕೂತಿದ್ದವರು ಗಾಜಿನಾಚೆಯಿಂದ ಇಣುಕಿದರು. ಹತ್ತಣ್ಣನ ಕಿವಿ ಕೆಂಪಾಗಿದ್ದು ಹಿಂದೆ ನಿಂತಿದ್ದ ನನಗೆ ಕಾಣುತ್ತಿತ್ತು. ಅವನು ನಗು ಮುಗಿಯುವವರೆಗೆ ಕಾದು ಕಾರ್ಡು ಕೊಟ್ಟ.

ಅವರು ನೋಡಿದರು. ಕೀಲಿ ಬಿದ್ದಾಗ ಅವರ ಕೈ ತಾನಾಗಿ ಬಾಯಿಗೆ ಹೋಯಿತು. ಒಂಬತ್ತು ಟೀವಿಯಲ್ಲಿ ಚೀಲ ಕೊಡವುತ್ತಿದ್ದರು, ಅವರ ಮೇಜಿನ ಮೇಲಿನ ಹತ್ತನೆಯದರಲ್ಲಿ ಆ ಚೀಲಕ್ಕೆ ಕೈ ಇಳಿಯುತ್ತಿತ್ತು.

"ನಮ್ಮ ಮೈಕು" ಎಂದರು ಕಡೆಗೆ, ತಮಗೆ ತಾವೇ. "ನಮ್ಮ ಮೈಕು ಇದೆ ಅಲ್ಲಿ." ಆಮೇಲೆ ಎದ್ದರು. "ಮೊದ್ಲು ಠಾಣೆಗೆ ನಡೀರಿ. ಪ್ರಸಾರ ಆಮೇಲೆ. ಹತ್ತಣ್ಣ, ಸುಳ್ಳು ಬರ್ದುಕೊಟ್ಟಿದ್ದಕ್ಕೆ ನಿಮ್ಮನ್ನ ಕೆಲಸದಿಂದ ದೂರ ಇಡ್ಲೇಬೇಕಾಗತ್ತೆ, ಗೊತ್ತಲ್ವಾ?"

"ಇಡಿ ಮೇಡಂ."

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಸುಲಭಕ್ಕೆ ನಂಬುವವರಲ್ಲ. ನಿನ್ನೆ ಕೆಟ್ಟಿದ್ದ ಕಾರ್ಡು ಇವತ್ತು ಹೇಗೆ ಸರಿಯಾಯಿತು, ಎಂದು ಕೂರಿಸಿಕೊಂಡು ಕೇಳಿದರು. ಕ್ಯಾಮೆರಾ ತರಿಸಿ, ಉಲ್ಟಾ ಎಂದರೇನು ಮಾಡಿ ತೋರಿಸು ಎಂದರು. ಹತ್ತಣ್ಣ ಠಾಣೆಯ ಅಂಗಳದಲ್ಲಿ, ಪೇದೆಗಳ ನಡುವೆ, ಗಾಡಿಯಿಂದ ಇಳಿದು ತೋರಿಸಿದ, ಹೆಗಲಿಗೇರಿಸಿ ತೋರಿಸಿದ, ಕಟ್ಟೆಯ ಮೇಲಿಟ್ಟು ಮುಖ ತೊಳೆಯುವ ಹಾಗೆ ಮಾಡಿ ತೋರಿಸಿದ. ತನ್ನ ತಪ್ಪನ್ನು ಮೂರು ಸಲ ಅಭಿನಯಿಸಿದ.

"ಅಂದ್ರೆ ತೆಗೆಯೋವಾಗ ತೆಗೆಯಲ್ಲ, ತೆಗೀದೆ ಇರೋವಾಗ ತೆಗೆಯತ್ತೆ!" ಎಂದು ಒಬ್ಬ ಪೇದೆ ಹೊಟ್ಟೆ ಹಿಡಿದುಕೊಂಡ. "ಎಷ್ಟು ವರ್ಷದ ಅನುಭವ ಅಂದ್ರಿ?"

"ಹದಿನೆಂಟು."

"ಪರವಾಗಿಲ್ಲ, ನಿಧಾನಕ್ಕೆ ಕಲಿತೀರಿ ಬಿಡಿ."

ನನಗೆ ಮೈ ಉರಿಯಿತು. "ಅವನಿಗೆ ಕಲಿಸಿದೋನು ನಾನು, ನಗೋದಾದ್ರೆ ನನ್ನ ನೋಡಿ ನಗ್ರಿ" ಎಂದುಬಿಟ್ಟೆ. ಹತ್ತಣ್ಣ ನನ್ನ ತೋಳು ಮುಟ್ಟಿ, "ನಗ್ಲಿ ಬಿಡಿ ಮಾವ. ಅವ್ರು ನಕ್ಕಷ್ಟೂ ಇದು ನಿಜ ಅಂತ ಆಗತ್ತೆ" ಎಂದ. ಇನ್ಸ್‌ಪೆಕ್ಟರ್ ನಗಲಿಲ್ಲ. ಕಾರ್ಡಿನಲ್ಲಿದ್ದ ಸಮಯವನ್ನೂ ಪೊಲೀಸರು ಚೀಲ ಕೊಡವಿದ ಸಮಯವನ್ನೂ ಚೀಟಿಯಲ್ಲಿ ಬರೆದು ಪಕ್ಕಪಕ್ಕದಲ್ಲಿಟ್ಟು ನೋಡುತ್ತಿದ್ದರು. ನಡುವೆ ನಲವತ್ತು ನಿಮಿಷ. ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟು ತಲೆ ಒರೆಸಿಕೊಂಡರು.

ಅಂದೇ ಸಂಜೆ ಮ್ಯಾನೇಜರನನ್ನು ಹಿಡಿದರು. ವರದಿಗಾರ ಮರುದಿನ ತಾನಾಗಿಯೇ ಠಾಣೆಗೆ ಬಂದನಂತೆ. ನಾವು ಅವನನ್ನು ಮತ್ತೆ ನೋಡಿಲ್ಲ. ಹತ್ತಣ್ಣನನ್ನು ಎರಡು ತಿಂಗಳು ಮನೆಗೆ ಕಳಿಸಿದರು. ಬೇರೆ ಚಾನೆಲ್ಲಿನ ಕ್ಯಾಮೆರಾದವರು ಅವನಿಗೆ ಉಲ್ಟಣ್ಣ ಎಂದು ಹೊಸ ಹೆಸರಿಟ್ಟರು. ರಸ್ತೆಯಲ್ಲಿ ಸಿಕ್ಕರೆ ಕ್ಯಾಮೆರಾ ತಲೆಕೆಳಗು ಹಿಡಿದು ಸಲಾಮು ಹೊಡೆಯುತ್ತಾರೆ. ಅವನೂ ಹೊಡೆಯುತ್ತಾನೆ.

ಮೂರನೆಯ ದಿನ ಕಾವಲುಗಾರನನ್ನು ಬಿಟ್ಟು ಮತ್ತೆ ಆಸ್ಪತ್ರೆಗೆ ಸೇರಿಸಿದರು. ಎಲ್ಲ ಸರಿಹೋಯಿತು ಎಂದುಕೊಂಡು ನಾನು ಹಣ್ಣು ಕಟ್ಟಿಸಿಕೊಂಡು ಹತ್ತಣ್ಣನ ಜೊತೆ ನೋಡಲು ಹೋದೆ. ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಮಗಳು ಮಂಚದ ಕಾಲ ಬಳಿ ನಿಂತಿದ್ದಳು, ಪರೀಕ್ಷೆಯ ಕೋಣೆಯ ಹೊರಗೆ ನಿಲ್ಲಿಸಿದವಳ ಹಾಗೆ. ಪಕ್ಕದ ಸ್ಟೂಲು ಖಾಲಿ ಇತ್ತು.

"ಕೂತ್ಕೋಮ್ಮ" ಎಂದೆ.

"ಅಪ್ಪ ಮಾತಾಡ್ತಿಲ್ಲ ನನ್ನ ಜೊತೆ" ಎಂದಳು. "ನೀರು ಕುಡಿಸೋಕೆ ಹೋದ್ರೆ ಬಾಯಿ ತೆರೆಯಲ್ಲ. ನರ್ಸಮ್ಮನೇ ಬರ್ಬೇಕು."

ಕಾವಲುಗಾರ ಗೋಡೆಗೇ ಹೇಳಿದ. "ಈ ವಾರ್ಡಲ್ಲೂ ಟೀವಿ ಇದೆ ಯಜಮಾನ್ರೇ. ಪೊಲೀಸ್ನೋರು ಬಂದು ಕರ್ಕೊಂಡು ಹೋಗೋಕೆ ಮುಂಚೆ, ಬೆಳಿಗ್ಗೆಯಿಂದ ಎಂಟು ಸಲ ನೋಡಿದೀನಿ. ಹೌದು ತರ್ತಿದ್ರು ಅಂದ್ಳು. ಬೇರೆಯೋರು ಚೀಲಕ್ಕೆ ಕೀಲಿ ಹಾಕಿದ್ರು, ಸರಿ. ಹೊಟ್ಟೇಲಿ ಹುಟ್ಟಿದೋಳು ಹೌದು ಅಂದ್ಳು."

"ನಾನು ಪೂರ್ತಿ ಹೇಳಿದ್ದೆ" ಎಂದಳು ಹುಡುಗಿ, ಹತ್ತಣ್ಣನನ್ನು ನೋಡಿ. "ನೀವೇ ತೆಗೆದ್ರಿ. ನೀವಿದ್ರಿ ಅಲ್ಲಿ. ನಾನು ಪೂರ್ತಿ ಹೇಳಿದ್ದೆ ಅಲ್ವಾ?"

ಹತ್ತಣ್ಣನ ಮುಖ ಬಿಳಿಚಿಕೊಂಡಿತು. ಸ್ಟುಡಿಯೋದಲ್ಲಿ ಕಂಡದ್ದಕ್ಕಿಂತ ಇದು ಹೆಚ್ಚು. ಅವನು ಹೊರಗೆ ಹೋಗಿ ಮೇಡಂಗೆ ಫೋನು ಮಾಡಿದ. ಒಂದು ಗಂಟೆಯೊಳಗೆ ಆ ಸಂಜೆಯ ಪೂರ್ತಿ ದೃಶ್ಯ ಅವನ ಫೋನಿಗೆ ಬಂತು. ಯಾರು ಕತ್ತರಿಸಿದರು ಎಂದು ಕೇಳಿದನಂತೆ. ಯಾರೂ ಬೇಕೆಂದು ಕತ್ತರಿಸಿದ್ದಲ್ಲವಂತೆ. ಸುದ್ದಿ ಉದ್ದವಾಗಿತ್ತು, ಮುಖ್ಯವಾದದ್ದು ಬಂತಲ್ಲ ಎಂದು ದಿನಾ ಮಾಡುವ ಹಾಗೆ ಮಾಡಿದರಂತೆ.

ಕಾವಲುಗಾರನ ಕೈಯಲ್ಲಿ ಫೋನು ಹಿಡಿಯಲು ಆಗುವುದಿಲ್ಲ. ಹತ್ತಣ್ಣ ಮಂಚದ ಆಚೆ ಬದಿಗೆ ಹೋಗಿ, ಗೋಡೆಗೂ ಅವನ ಮುಖಕ್ಕೂ ನಡುವೆ ಕುಕ್ಕರಗಾಲಲ್ಲಿ ಕೂತು, ಫೋನನ್ನು ಅವನ ಕಣ್ಣೆದುರಿಗೆ ಹಿಡಿದ.

"ಹೌದು, ತರ್ತಿದ್ರು" ಎಂದಳು ಫೋನಿನೊಳಗಿನ ಹುಡುಗಿ. ಅಲ್ಲಿಗೆ ನಿಲ್ಲಲಿಲ್ಲ. "ಆದ್ರೆ ಅದು ಗೇಟಿನ ಕೀಲಿ ಸಾರ್. ಹಿಂದಿನ ಬಾಗಿಲಿನ ಕೀಲಿ ಅಪ್ಪನ ಹತ್ರ ಯಾವತ್ತೂ ಇರ್ಲಿಲ್ಲ."

ಕಾವಲುಗಾರ ಮುಖವನ್ನು ಫೋನಿನ ಹತ್ತಿರಕ್ಕೆ ತಂದ. "ಇನ್ನೊಂದ್ಸಲ" ಎಂದ. ಹತ್ತಣ್ಣ ತೋರಿಸಿದ. "ಇನ್ನೊಂದ್ಸಲ." ಮತ್ತೆ ತೋರಿಸಿದ. ನಾಲ್ಕನೆಯ ಸಲಕ್ಕೆ ಕಾವಲುಗಾರ ಬ್ಯಾಂಡೇಜಿನ ಕೈಯನ್ನು ಹಿಂದಕ್ಕೆ ಚಾಚಿದ. ಮಗಳು ಓಡಿಬಂದು ಆ ಮೂಟೆಯಂಥ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಇದನ್ನ ಅವತ್ತೇ ಪೂರ್ತಿ ಹಾಕಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಕಾವಲುಗಾರ ಹತ್ತಣ್ಣನನ್ನು ಕೇಳಿದ. ಅದು ಸಿಟ್ಟಿನ ಮಾತಲ್ಲ, ತಿಳಿಯದೆ ಕೇಳಿದ್ದು. "ಬಿಟ್ಟಿದ್ದು ಎಷ್ಟು ಹೊತ್ತಿಂದು?"

ಹತ್ತಣ್ಣ ಕುಕ್ಕರಗಾಲಲ್ಲೇ ಇದ್ದ. ತಲೆ ತಗ್ಗಿಸಿ ಹೇಳಿದ. "ಆರು ಸೆಕೆಂಡು."

"ಆರು ಸೆಕೆಂಡಾ?" ಎಂದ ಕಾವಲುಗಾರ. ನನ್ನ ಕಡೆ ನೋಡಿದ, ಮಗಳ ಕಡೆ ನೋಡಿದ, ಇವನು ತಪ್ಪು ಹೇಳುತ್ತಿದ್ದಾನೆ, ಯಾರಾದರೂ ಸರಿಯಾದದ್ದು ಹೇಳಿ ಎನ್ನುವ ಹಾಗೆ.